ಸಂಖ್ಯೆಗೂ ಮನೆಗೂ ನಡುವಿನ ಜೋಡಿ ತಂತಿ



ಚಾಮರಾಜನಗರದ ಸ್ಥಿರ ದೂರವಾಣಿಗೆ ಪರಊರಿನಿಂದ ಕರೆ ಮಾಡುವವರು ಮೊದಲು 08226 ಒತ್ತಬೇಕು. ಗುಂಡ್ಲುಪೇಟೆಗಾದರೆ 08229. ಆ ಸಂಕೇತ ಕರೆಯನ್ನು ಊರಿನ ಎಕ್ಸ್‌ಚೇಂಜಿನವರೆಗೆ ತಂದು ಬಿಡುತ್ತದೆ. ಉಳಿದ ಅಂಕಿಗಳು ಎಕ್ಸ್‌ಚೇಂಜಿನ ಯಂತ್ರದೊಳಗಿನ ಒಂದು ಸ್ಥಾನವನ್ನು ಗುರುತಿಸುತ್ತವೆ. ಆದರೆ ತಾಮ್ರದ ತಂತಿಯ ದೂರವಾಣಿಯಲ್ಲಿ, ಆ ಸ್ಥಾನ ಯಾವ ಬೀದಿಯ ಯಾವ ಮನೆಗೆ ಸೇರಿದ್ದೆಂಬುದು ಯಂತ್ರಕ್ಕೆ ತಿಳಿಯದು. ಅದನ್ನು ನಿರ್ಧರಿಸುವುದು ಒಬ್ಬ ತಂತ್ರಜ್ಞ ಕೈಯಿಂದ ಎಳೆದು ಕೂರಿಸಿದ ಒಂದು ಜೋಡಿ ತಂತಿ. ಆ ತಂತಿಯನ್ನು ಕೂರಿಸಲು ಕಲಿಸುವ ವಿದ್ಯೆಯ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ.

ಎಕ್ಸ್‌ಚೇಂಜಿನಲ್ಲಿ ಎತ್ತರವಾದ ಒಂದು ಕಬ್ಬಿಣದ ಚೌಕಟ್ಟು ಇರುತ್ತದೆ. ಅದರ ಹೆಸರು ಮುಖ್ಯ ವಿತರಣಾ ಚೌಕಟ್ಟು. ಸಿಬ್ಬಂದಿಯ ಬಾಯಲ್ಲಿ ಅದು ಎಂ.ಡಿ.ಎಫ್. ಅದರ ಒಂದು ಮಗ್ಗುಲಿಗೆ ಊರಿನ ಬೀದಿಗಳಿಂದ ನೆಲದಡಿ ಬಂದ ಕೇಬಲ್ಲುಗಳ ಎಳೆಗಳು ಬಂದು ನಿಲ್ಲುತ್ತವೆ. ಇನ್ನೊಂದು ಮಗ್ಗುಲಿಗೆ ಯಂತ್ರದ ಎಳೆಗಳು. ಯಂತ್ರದ ಕಡೆ ಎಲ್ಲವೂ ಕ್ರಮಸಂಖ್ಯೆಯಂತೆ. ಬೀದಿಯ ಕಡೆ ಎಲ್ಲವೂ ಕೇಬಲ್ ಹೋದ ದಾರಿಯಂತೆ. ಒಂದಕ್ಕೊಂದು ಹೊಂದದ ಈ ಎರಡು ಕ್ರಮಗಳನ್ನು ಬೆಸೆಯುವ ಜೋಡಿ ತಂತಿಗೆ ಜಂಪರ್ ಎನ್ನುತ್ತಾರೆ. ಚಂದಾದಾರರು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಮನೆ ಬದಲಿಸಿದರೆ ಯಂತ್ರವನ್ನು ಮುಟ್ಟಬೇಕಾಗಿಲ್ಲ, ಸಂಖ್ಯೆಯನ್ನೂ ಬದಲಿಸಬೇಕಾಗಿಲ್ಲ. ಹಳೆಯ ಜಂಪರ್ ತೆಗೆದು ಹೊಸ ಬೀದಿಯ ಎಳೆಗೆ ಇನ್ನೊಂದು ಹಾಕಿದರೆ ಆಯಿತು.

ಯಂತ್ರಗಳ ಚರಿತ್ರೆಯನ್ನು ನೋಡಿದರೆ ಈ ಚೌಕಟ್ಟಿನ ಮಹತ್ವ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜಿಗೆ ಪೇಟೆಂಟ್ ಪಡೆದ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜುಗಳನ್ನು ನಮ್ಮ ದೇಶದಲ್ಲೇ ತಯಾರಿಸಿತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದು ರೂಪಿಸಿದ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದ ಸಾಮಾನ್ಯ ಕೋಣೆಯಲ್ಲೂ ನಡೆಯಬಲ್ಲ ಆ ಯಂತ್ರ ದೇಶದ ಹಳ್ಳಿಹಳ್ಳಿಗೆ ದೂರವಾಣಿಯನ್ನು ಒಯ್ದಿತು. ಟಕಟಕ ಸದ್ದು ಮಾಡುತ್ತಿದ್ದ ಯಂತ್ರದ ಜಾಗಕ್ಕೆ ಸದ್ದಿಲ್ಲದ ಡಿಜಿಟಲ್ ಪೆಟ್ಟಿಗೆ ಬಂದಿತು. ಆದರೆ ಚೌಕಟ್ಟಿನ ತತ್ವ ಬದಲಾಗಲಿಲ್ಲ.

ಈ ಚೌಕಟ್ಟಿನ ಕೆಲಸ ಕಲಿಯುವವನ ಮೊದಲ ಪಾಠ ಬಣ್ಣ. ಕೇಬಲ್ಲಿನೊಳಗೆ ಪ್ರತಿ ಜೋಡಿಯ ಒಂದು ತಂತಿ ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ ಎಂಬ ಐದರಲ್ಲಿ ಒಂದು. ಅದರ ಸಂಗಾತಿ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಎಂಬ ಐದರಲ್ಲಿ ಒಂದು. ಬಿಳಿ-ನೀಲಿ ಒಂದನೆಯ ಜೋಡಿ, ಬಿಳಿ-ಕಿತ್ತಳೆ ಎರಡನೆಯದು. ಕೆಂಪು-ನೀಲಿ ಬಂದರೆ ಆರನೆಯದು. ಹತ್ತೇ ಬಣ್ಣಗಳಿಂದ 25 ಜೋಡಿಗಳನ್ನು ಗುರುತಿಸಬಹುದು. ನಾವು ಮಗ್ಗಿ ಕಲಿತಂತೆ ಇದನ್ನು ಬಾಯಿಪಾಠ ಮಾಡಿಸಬೇಕು.

ಎರಡನೆಯ ಪಾಠ ಜೋಡಿಯನ್ನು ಒಡೆಯಬಾರದೆಂಬುದು. ಎರಡು ತಂತಿಗಳನ್ನು ಹೆಣೆದಿರುವುದು ಪಕ್ಕದ ಲೈನಿನ ಮಾತು ಇದರೊಳಗೆ ನುಸುಳದಿರಲೆಂದು. ಒಂದು ಜೋಡಿಯ ಒಂದು ಎಳೆಯನ್ನೂ ಪಕ್ಕದ ಜೋಡಿಯ ಇನ್ನೊಂದು ಎಳೆಯನ್ನೂ ತಪ್ಪಾಗಿ ಕೂಡಿಸಿದರೂ ಗಂಟೆ ಬಾರಿಸುತ್ತದೆ, ಮಾತೂ ಕೇಳುತ್ತದೆ. ಆದರೆ ಒಬ್ಬರ ಮನೆಯ ಮಾತು ಇನ್ನೊಬ್ಬರ ಕಿವಿಗೂ ಬೀಳತೊಡಗುತ್ತದೆ. ಮೇಲ್ನೋಟಕ್ಕೆ ಸರಿಯಾಗಿ ಕಾಣುವ ತಪ್ಪೇ ಹುಡುಕಲು ಕಷ್ಟವಾದ ತಪ್ಪು.

ಮೂರನೆಯದು ಕೈಯ ಪಾಠ. ಹಿಂದೆ ತಂತಿಯನ್ನು ಬೆಸುಗೆ ಹಾಕುತ್ತಿದ್ದರು. ಆಮೇಲೆ ಕ್ರೋನ್ ಮಾದರಿಯ ಜೋಡಣೆಗಳು ಬಂದವು. ತಂತಿಯನ್ನು ಸೀಳಿನ ಮೇಲಿಟ್ಟು ಅದರದೇ ಉಪಕರಣದಿಂದ ಒತ್ತಿದರೆ ಲೋಹದ ಅಂಚು ಪ್ಲಾಸ್ಟಿಕ್ ಹೊದಿಕೆಯನ್ನು ಸೀಳಿ ತಾಮ್ರವನ್ನು ಹಿಡಿಯುತ್ತದೆ. ಹೆಚ್ಚುಳಿದ ತುದಿ ಕತ್ತರಿಸಿ ಬೀಳುತ್ತದೆ. ಸ್ಕ್ರೂಡ್ರೈವರಿನಿಂದ ತುರುಕಿದರೆ ಆ ಹೊತ್ತಿಗೆ ಕೆಲಸ ಆದೀತು, ಆದರೆ ಸೀಳು ಅಗಲವಾಗಿ ಮುಂದೆ ಹಿಡಿತ ತಪ್ಪುತ್ತದೆ. ಲೈನಿನಲ್ಲಿ ಸದಾ ಇರುವುದು ಸುಮಾರು 48 ವೋಲ್ಟ್. ಗಂಟೆ ಬಾರಿಸುವಾಗ ಸುಮಾರು 75 ವೋಲ್ಟ್ ಹರಿಯುತ್ತದೆ. ಏಣಿಯ ಮೇಲೆ ನಿಂತವನಿಗೆ ಅಷ್ಟು ಬೆಚ್ಚಿದರೂ ಸಾಕು, ಕಾಲು ಜಾರಲು.

ನಾಲ್ಕನೆಯ ಪಾಠವೇ ಮುಖ್ಯವಾದದ್ದು: ದಾಖಲೆ. ಸಂಪರ್ಕ ರದ್ದಾದಾಗ ಹಳೆಯ ಜಂಪರನ್ನು ಪೂರ್ತಿಯಾಗಿ ಎಳೆದು ತೆಗೆಯಬೇಕು, ಪುಸ್ತಕದಲ್ಲಿ ಆ ಜೋಡಿ ಖಾಲಿ ಎಂದು ಬರೆಯಬೇಕು. ತುದಿ ಮಾತ್ರ ಕತ್ತರಿಸಿ ಬಿಟ್ಟರೆ ಸತ್ತ ತಂತಿಗಳು ಒಂದರ ಮೇಲೊಂದು ಕೂಡಿ, ಚೌಕಟ್ಟು ಹಕ್ಕಿಯ ಗೂಡಾಗುತ್ತದೆ. ಆಗ ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ಹೇಳಬಲ್ಲವರು ಯಾರೂ ಉಳಿಯುವುದಿಲ್ಲ.

ಇದರ ಬೆಲೆ ತೆರುವವರು ಚಂದಾದಾರರು. ಫೋನ್ ಸತ್ತಿದೆ ಎಂದು ದೂರು ಬಂದರೆ, ಬಲ್ಲವನು ಮೊದಲು ಚೌಕಟ್ಟಿನ ಮುಂದೆ ನಿಲ್ಲುತ್ತಾನೆ. ಅಲ್ಲಿ ಜೋಡಣೆಯನ್ನು ಬಿಡಿಸಿ ಯಂತ್ರದ ಕಡೆಯನ್ನೂ ಬೀದಿಯ ಕಡೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ, ದೋಷ ಒಳಗಿದೆಯೋ ಹೊರಗಿದೆಯೋ ಎಂಬುದು ನಿಮಿಷಗಳಲ್ಲಿ ತಿಳಿಯುತ್ತದೆ. ಆ ಪರೀಕ್ಷೆ ಮಾಡದೆ ಹೊರಟ ಲೈನ್‌ಮನ್ ಬಿಸಿಲಲ್ಲಿ ಕಂಬ ಕಂಬ ಹತ್ತಿ ಇಳಿದು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಆಸ್ಪತ್ರೆಗೋ ದೂರದ ಮಗನಿಗೋ ಕರೆ ಮಾಡಬೇಕಾದವರು ಇನ್ನೊಂದು ದಿನ ಕಾಯಬೇಕಾಗುತ್ತದೆ.

ಈ ನಾಲ್ಕು ಪಾಠಗಳನ್ನು ಮೈಸೂರಿನ ದೂರಸಂಪರ್ಕ ತರಬೇತಿ ಕೇಂದ್ರದಂಥ ಕಡೆ ಹೇಳಿಕೊಡಬಹುದು. ಆದರೆ ಗುಂಡ್ಲುಪೇಟೆಯ ಚೌಕಟ್ಟನ್ನು ಗುಂಡ್ಲುಪೇಟೆಯಲ್ಲೇ ಕಲಿಯಬೇಕು. ಯಾವ ಕೇಬಲ್ ಯಾವ ಬೀದಿಗೆ ಹೋಗುತ್ತದೆ, ಯಾವ ಜೋಡಣೆಗೆ ಮಳೆಗಾಲದಲ್ಲಿ ನೀರಿಳಿಯುತ್ತದೆ ಎಂಬುದು ಪಠ್ಯದಲ್ಲಿ ಸಿಗುವುದಿಲ್ಲ. ಹಿರಿಯ ಫೋನ್ ಮೆಕ್ಯಾನಿಕ್ ಕಿರಿಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿಕೊಡಬೇಕು. ಊರಿನ ನಕ್ಷೆ ಹೀಗೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟುತ್ತದೆ.

ಆ ಕೊಂಡಿ ದೇಶದಾದ್ಯಂತ ಒಮ್ಮೆಲೇ ಸಡಿಲವಾದ ದಿನ 2020ರ ಜನವರಿ 31. ಸ್ವಯಂ ನಿವೃತ್ತಿ ಯೋಜನೆಯಡಿ ಬಿ.ಎಸ್.ಎನ್.ಎಲ್.ನ 78,000ಕ್ಕೂ ಹೆಚ್ಚು ನೌಕರರು ಅಂದು ಒಟ್ಟಿಗೆ ನಿವೃತ್ತರಾದರು. ಸಂಸ್ಥೆಯ ಖರ್ಚು ಇಳಿಸಲು ಅದು ಅಗತ್ಯವಾಗಿತ್ತೆಂಬ ವಾದವಿದೆ. ಅದನ್ನು ನಾನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಬರೆದಿಡದ ತಿಳಿವಳಿಕೆ ನಿವೃತ್ತಿಯೊಂದಿಗೆ ಮನೆಗೆ ಹೋಗುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ತಾಮ್ರ ಹೋಗಿ ಗಾಜಿನ ಎಳೆ ಬರುತ್ತಿದೆಯಲ್ಲ, ಇನ್ನು ಈ ವಿದ್ಯೆ ಏತಕ್ಕೆ ಎಂದು ನೀವು ಕೇಳಬಹುದು. ಫೈಬರ್ ಕೇಬಲ್ಲನ್ನು ಬಿಚ್ಚಿ ನೋಡಿ. ಅದರ ಹನ್ನೆರಡು ಬಣ್ಣಗಳು ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಎಂದೇ ಆರಂಭವಾಗುತ್ತವೆ. ಅನಂತರ ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ. ಗುಲಾಬಿ ಮತ್ತು ತಿಳಿನೀಲಿ ಮಾತ್ರ ಹೊಸದಾಗಿ ಬಂದ ನೆಂಟರು. ಫೈಬರಿಗೂ ವಿತರಣಾ ಚೌಕಟ್ಟುಂಟು, ಅಲ್ಲಿಯೂ ಯಾವ ಎಳೆ ಯಾರ ಮನೆಗೆ ಎಂಬ ಲೆಕ್ಕ ಇಡಬೇಕು. ತಂತಿ ಬದಲಾಯಿತು, ಶಿಸ್ತು ಬದಲಾಗಲಿಲ್ಲ.

ಆದ್ದರಿಂದ ಈಗ ಈ ಕೆಲಸಕ್ಕೆ ಬರುತ್ತಿರುವ ನಮ್ಮ ಜಿಲ್ಲೆಯ ತರುಣರ ಕೈಗೆ ಉಪಕರಣ ಕೊಟ್ಟ ದಿನವೇ ಒಂದು ದಾಖಲೆ ಪುಸ್ತಕವನ್ನೂ ಕೊಡಿ. ಗುತ್ತಿಗೆಯ ಕೆಲಸಗಾರನಾದರೂ ಅವನಿಗೆ ತರಬೇತಿ ಸಿಗಲಿ. ನಿವೃತ್ತರಾಗಿ ಮನೆಯಲ್ಲಿರುವ ಹಿರಿಯ ಮೆಕ್ಯಾನಿಕ್‌ಗಳನ್ನು ಕರೆಸಿ, ಅವರಿಗೆ ತಿಳಿದಿರುವುದನ್ನು ಬರೆಸಿಕೊಳ್ಳಿ. ಅವರು ಇರುವಾಗಲೇ ಈ ಕೆಲಸ ಆಗಬೇಕು.