ದೀಪಾವಳಿಗೆ ದೊರೆತ ರಜೆ



ಹಬ್ಬದ ದಿನ ಕಚೇರಿಗಳು ಮುಚ್ಚಿರುವುದೂ ಶಾಲೆಗಳಿಗೆ ರಜೆಯಿರುವುದೂ ನಮಗೆ ಅತ್ಯಂತ ಸಹಜವಾಗಿ ತೋರುತ್ತದೆ. ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆ ನೀರು ಮಿಂದು, ಹೊಸ ಬಟ್ಟೆಯುಟ್ಟು ಕುಳಿತಾಗ, ಈ ದಿನವು ನಮ್ಮ ಪಾಲಿಗೆ ಹೇಗೆ ಬಂದಿತೆಂದು ಯೋಚಿಸುವವರು ವಿರಳ. ಅದರ ಬೆಲೆಯನ್ನು ಬಲ್ಲವರು ಅದಿಲ್ಲದೆ ಬಾಳಿದವರು. ಅಂಥವರ ವೃತ್ತಾಂತವೊಂದನ್ನು ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡಬೇಕೆಂದಿದ್ದೇನೆ.

ದಕ್ಷಿಣ ಅಮೆರಿಕ ಖಂಡದ ಉತ್ತರ ತೀರಕ್ಕೆ ಸಮೀಪದಲ್ಲಿ ಟ್ರಿನಿಡಾಡ್ ಎಂಬ ಒಂದು ದ್ವೀಪವುಂಟು. ಅಲ್ಲಿಯ ಕಬ್ಬಿನ ತೋಟಗಳಲ್ಲಿ ಆಫ್ರಿಕದ ಗುಲಾಮರಿಗೆ ಬಿಡುಗಡೆಯಾದ ಬಳಿಕ, ಆಂಗ್ಲ ಯಜಮಾನರು ಕೆಲಸಗಾರರನ್ನು ಹುಡುಕುತ್ತ ನಮ್ಮ ದೇಶದ ಕಡೆ ತಿರುಗಿದರು. ಕಲ್ಕತ್ತೆಯಿಂದ ಹೊರಟ ಮೊದಲ ಹಡಗು 1845ನೆಯ ಮೇ 30ರಂದು ಆ ದ್ವೀಪವನ್ನು ಮುಟ್ಟಿತು. ಅದರಲ್ಲಿ 200ಕ್ಕೂ ಮಿಕ್ಕ ಜನರಿದ್ದರು. 1917ರವರೆಗೆ ಹೀಗೆ ಹೋದವರ ಸಂಖ್ಯೆ 1,40,000ವನ್ನು ಮೀರಿತು. ಬಹುಮಂದಿ ಕಾಶಿ, ಬಿಹಾರಗಳ ಸೀಮೆಯವರು. ಮದರಾಸಿನ ಕಡೆಯಿಂದ ಹೋದವರೂ ಕೆಲವರುಂಟು.

ಅವರದು ಐದು ವರ್ಷಗಳ ಕರಾರು. ಅಪ್ಪಣೆಯಿಲ್ಲದೆ ಕೆಲಸಕ್ಕೆ ತಪ್ಪಿಸಿಕೊಂಡರೆ ಜುಲ್ಮಾನೆ ಇಲ್ಲವೆ ಸೆರೆಮನೆ. ರಹದಾರಿ ಚೀಟಿಯಿಲ್ಲದೆ ತೋಟದ ಗಡಿಯನ್ನು ದಾಟುವಂತಿರಲಿಲ್ಲ. ಕೈಕಾಲುಗಳು ಮಾತ್ರವಲ್ಲ, ದಿನದ ಹೊತ್ತೂ ಯಜಮಾನನಿಗೆ ಸೇರಿದುದಾಗಿತ್ತು. 1884ನೆಯ ಅಕ್ಟೋಬರ್ 30ರಂದು, ಮೊಹರಂ ಮೆರವಣಿಗೆಯು ಪಟ್ಟಣವನ್ನು ಪ್ರವೇಶಿಸಕೂಡದೆಂಬ ಆಜ್ಞೆಯನ್ನು ಮೀರಿ ಮುಂದುವರಿದ ಜನರ ಮೇಲೆ ಸಾನ್ ಫರ್ನಾಂಡೋ ಎಂಬಲ್ಲಿ ಗುಂಡು ಹಾರಿತು. ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಮಡಿದರು. ಆ ಮೆರವಣಿಗೆಯಲ್ಲಿ ಮುಸಲ್ಮಾನರೊಡನೆ ಹಿಂದೂ ಕೂಲಿಗಳೂ ಹೆಗಲು ಕೊಟ್ಟು ನಡೆಯುತ್ತಿದ್ದರೆಂಬುದನ್ನು ನಾವು ಮರೆಯಲಾಗದು.

ಕರಾರಿನ ಪದ್ಧತಿ ತೀರಿದ ಮೇಲೂ ಗೌರವವು ತಾನಾಗಿ ಬರಲಿಲ್ಲ. ಅಗ್ನಿಸಾಕ್ಷಿಯಾಗಿ ನಡೆದ ಮದುವೆಯನ್ನು ಅಲ್ಲಿಯ ಕಾನೂನು ಬಹುಕಾಲ ಮದುವೆಯೆಂದೇ ಎಣಿಸುತ್ತಿರಲಿಲ್ಲ. ಹಿಂದೂ ವಿವಾಹಕ್ಕೆ ಮನ್ನಣೆಯಿತ್ತ ಶಾಸನವು ಹುಟ್ಟಿದುದು 1945ರಲ್ಲಿ, ಅಂದರೆ ಮೊದಲ ಹಡಗು ಬಂದು ನೂರು ವರ್ಷಗಳಾದ ಮೇಲೆ! ಕ್ರಿಸ್ಮಸ್ಸಿಗೆ, ಗುಡ್ ಫ್ರೈಡೆಗೆ ನಾಡೆಲ್ಲಕ್ಕೂ ರಜೆಯಿತ್ತು. ದೀಪಾವಳಿಯ ಹೆಸರು ಮಾತ್ರ ರಜೆಗಳ ಪಟ್ಟಿಯಲ್ಲಿರಲಿಲ್ಲ.

1962ರಲ್ಲಿ ದೇಶವು ಸ್ವತಂತ್ರವಾಯಿತು. 1966ರಲ್ಲಿ ದೀಪಾವಳಿಯು ಸಾರ್ವಜನಿಕ ರಜೆಯಾಯಿತು. ಮುಸಲ್ಮಾನರ ಈದುಲ್ ಫಿತ್ರ್ ಹಬ್ಬಕ್ಕೂ ಅದೇ ವರ್ಷ ಅದೇ ಮನ್ನಣೆ ದೊರೆಯಿತು.

ಇದರ ಮೇಲೆ ಒಂದು ಆಕ್ಷೇಪಣೆಯುಂಟು. ಪ್ರತಿಯೊಂದು ಮತದವರೂ ತಮಗೊಂದು ರಜೆ ಬೇಕೆಂದರೆ ಕೆಲಸ ನಡೆಯುವುದೆಂದು? ಆಕ್ಷೇಪಣೆಯು ತೆಗೆದುಹಾಕತಕ್ಕುದಲ್ಲ. ರಜೆಗೆ ಮಿತಿಯಿರಬೇಕು, ದಿನಗೂಲಿಯವನಿಗೆ ಅದರಿಂದ ಹೊಟ್ಟೆಗೆ ಹೊಡೆತ ಬೀಳಬಾರದು. ಆದರೆ ಒಬ್ಬರ ಹಬ್ಬಗಳು ಮೊದಲಿನಿಂದಲೂ ಪಟ್ಟಿಯಲ್ಲಿದ್ದು, ಮತ್ತೊಬ್ಬರು ಕೇಳಿದಾಗ ಮಾತ್ರ ನಷ್ಟದ ಲೆಕ್ಕ ನೆನಪಾಗುವುದಾದರೆ, ಅದು ಲೆಕ್ಕದ ಮಾತಲ್ಲ, ಪಕ್ಷಪಾತದ ಮಾತು. ಅದೇ ನಾಡಿನಲ್ಲಿ ಆಫ್ರಿಕ ಮೂಲದವರ ಒಂದು ಉಪಾಸನಾ ಪದ್ಧತಿಯನ್ನು 1917ರಲ್ಲಿ ಕಾನೂನಿನಿಂದಲೇ ನಿಷೇಧಿಸಲಾಗಿತ್ತು. 1951ರಲ್ಲಿ ಆ ನಿಷೇಧವು ರದ್ದಾಯಿತು. ಆ ಬಿಡುಗಡೆಯ ನೆನಪಿಗೂ 1996ರಲ್ಲಿ ಒಂದು ರಜೆ ಲಭಿಸಿತು. ಒಬ್ಬರಿಗೆ ತೆರೆದ ಬಾಗಿಲು ಮತ್ತೊಬ್ಬರಿಗೂ ದಾರಿಯಾಯಿತು.

2011ರ ಜನಗಣತಿಯಂತೆ ಅಲ್ಲಿ ಹಿಂದೂಗಳು ನೂರಕ್ಕೆ ಸುಮಾರು 18 ಮಂದಿ. ಆದರೂ ದೀಪಾವಳಿಯ ರಜೆ ಎಲ್ಲರದು. ತಿಥಿಯು ವರ್ಷವರ್ಷಕ್ಕೂ ಬದಲಾಗುವುದರಿಂದ, ಆಂಗ್ಲ ತಿಂಗಳುಗಳ ಲೆಕ್ಕದಲ್ಲಿ ನಡೆಯುವ ಸರ್ಕಾರವು ಈ ಒಂದು ದಿನಕ್ಕಾಗಿ ಕಾರ್ತಿಕದ ಅಮಾವಾಸ್ಯೆಯನ್ನು ಕಾಯಬೇಕು. ಜನರು ಬಿದಿರನ್ನು ಸೀಳಿ, ಬಾಗಿಸಿ, ಕಮಾನುಗಳನ್ನು ಕಟ್ಟಿ, ಅವುಗಳ ಮೇಲೆ ಮಣ್ಣಿನ ಹಣತೆಗಳನ್ನು ಸಾಲಾಗಿ ಇಡುತ್ತಾರೆ. ನೆರೆಯ ಕ್ರೈಸ್ತರ ಮನೆಗೂ ಮುಸಲ್ಮಾನರ ಮನೆಗೂ ಸಿಹಿ ಹೋಗುತ್ತದೆ. ರಜೆಯು ಸರ್ಕಾರದ್ದು, ಆ ಸಿಹಿಯನ್ನು ಕೊಂಡೊಯ್ಯುವ ಕೆಲಸ ಮಾತ್ರ ಜನರದು.

ಆದುದರಿಂದ ಶ್ರೋತೃಗಳೆ, ಮುಂದಿನ ದೀಪಾವಳಿಯ ರಜೆಯನ್ನು ನಿದ್ರೆಯಲ್ಲಿ ಕಳೆಯುವ ಮೊದಲು, ತಮ್ಮ ದಿನವು ತಮ್ಮದಲ್ಲದಿದ್ದ ಆ ಕೂಲಿಗಳನ್ನು ಒಮ್ಮೆ ನೆನೆಯೋಣ. ಹಾಗೆಯೇ ನಮ್ಮ ಬೀದಿಯಲ್ಲಿ, ನಮ್ಮ ಮನೆಗೆಲಸದಲ್ಲಿ, ಹಬ್ಬದ ದಿನವೂ ಬಿಡುವಿಲ್ಲದವರು ಯಾರಿದ್ದಾರೆಂದು ನೋಡೋಣ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ರಜೆಯು ಎಲ್ಲರನ್ನೂ ಮುಟ್ಟುವುದಿಲ್ಲ. ಅದನ್ನು ಅವರವರೆಗೆ ಮುಟ್ಟಿಸುವುದು ನಮ್ಮ ಕೈಯಲ್ಲಿದೆ.