ಒಂದೇ ಕೊಳಗ
(ಸತ್ಯಮಂಗಲದ ಅಧ್ಯಯನ ಸಭೆಯಲ್ಲಿ ಮಾಡಿದ ಭಾಷಣ)



ನೀತಿ ಮತ್ತು ಮಾನವಕುಲದ ಏಕತೆ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಮಗೆ ಅಪ್ಪಣೆಯಾಗಿದೆ. ಮನುಷ್ಯರೆಲ್ಲ ಒಂದೇ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಎಂದೂ ಬರವಿರಲಿಲ್ಲ. ಹತ್ತನೆಯ ಶತಮಾನದಲ್ಲಿ ಪಂಪ ಹೇಳಿದ, ಹನ್ನೆರಡನೆಯ ಶತಮಾನದಲ್ಲಿ ಶರಣರು ಹೇಳಿದರು, ನಮ್ಮ ಕಾಲಕ್ಕೆ ಕುವೆಂಪು ಹೇಳಿದರು. ಅವರು ಹುಟ್ಟಿದ ಡಿಸೆಂಬರ್ 29ನೆಯ ತಾರೀಖನ್ನು ಸರ್ಕಾರವೇ ವಿಶ್ವಮಾನವ ದಿನವೆಂದು ಆಚರಿಸುತ್ತದೆ. ಆ ದಿನ ಪಟಕ್ಕೆ ಹಾರ ಹಾಕಿ ಭಾಷಣ ಮಾಡಿದ ಮಹನೀಯರೇ ಮರುದಿನ ಬಾಡಿಗೆಗೆ ಮನೆ ಕೇಳಲು ಬಂದವನನ್ನು, 'ತಾವು ಯಾವ ಪೈಕಿ?' ಎಂದು ವಿಚಾರಿಸುತ್ತಾರೆ. ವೇದಿಕೆಯ ಮೇಲೆ ಈ ತತ್ತ್ವವನ್ನು ಒಪ್ಪದವರು ಇಂದು ಯಾರೂ ಸಿಗಲಾರರು. ಆದುದರಿಂದ ತತ್ತ್ವ ಸರಿಯೋ ತಪ್ಪೋ ಎಂಬ ಚರ್ಚೆ ನಮಗೆ ಬೇಡ. ಒಪ್ಪಿದೆನೆಂದವನು ನಿಜವಾಗಿಯೂ ಒಪ್ಪಿದ್ದಾನೆಯೇ ಎಂದು ತಿಳಿಯುವ ಬಗೆ ಯಾವುದು? ನಾವು ಕೇಳಬೇಕಾದುದು ಇಷ್ಟೇ.

ಇದಕ್ಕೆ ದೊಡ್ಡ ಗ್ರಂಥಗಳಿಗಿಂತ ಒಂದು ಕೊಳಗ ಹೆಚ್ಚು ಉಪಯೋಗಕ್ಕೆ ಬಂದೀತು. ರಾಗಿ ಅಳೆದ ಮನೆಗಳವರಿಗೆ ಕೊಳಗವೆಂದರೇನೆಂದು ವಿವರಿಸಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಎಂಬ ಊರಿದೆ. ಅಲ್ಲಿನ ಗೇಣಿದಾರರಲ್ಲಿ ಬಹುಮಂದಿ ದೀವರು. ಬೆಳೆದ ಬತ್ತದಲ್ಲಿ ಗೇಣಿಯನ್ನು ಒಡೆಯರ ಅಂಗಳಕ್ಕೆ ತಂದು ಅಳೆದು ಕೊಡಬೇಕು. ಆದರೆ ಗೇಣಿ ಅಳೆದುಕೊಳ್ಳಲು ಒಡೆಯರು ಇಟ್ಟ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ಲೆಕ್ಕದ ಪುಸ್ತಕದಲ್ಲಿ ಎರಡಕ್ಕೂ ಹೆಸರು ಕೊಳಗವೆಂದೇ. ಹತ್ತು ಕೊಳಗವೆಂದು ಬರೆದುಕೊಂಡರೆ ಸುಳ್ಳು ಬರೆದಂತಾಗಲಿಲ್ಲ. ಒಕ್ಕಲಿನ ಕಣಜದಿಂದ ಹೋದ ಬತ್ತ ಮಾತ್ರ ಹತ್ತಕ್ಕಿಂತ ಹೆಚ್ಚು. ಎಚ್. ಗಣಪತಿಯಪ್ಪನವರು ಈ ರೈತರನ್ನು ಸಂಘಟಿಸಿದರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ಗದ್ದೆಗಿಳಿದ ರೈತರನ್ನು ಹಿಡಿದು ಸೆರೆಮನೆಗೆ ಕಳಿಸಿದರು. ಜೂನ್ ತಿಂಗಳಲ್ಲಿ ಡಾ. ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಗೇಣಿಯ ಭೂಮಿ ಉಳುವವನ ಕೈಸೇರಲು 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ಆದರೆ ಆ ದಾರಿ ಹೊರಟದ್ದು ಒಂದು ಅಳತೆಯ ಪಾತ್ರೆಯಿಂದ.

ಇಲ್ಲಿ ಒಂದು ಸೂಕ್ಷ್ಮವಿದೆ. ದೊಡ್ಡ ಕೊಳಗ ಇಟ್ಟ ಒಡೆಯ ಕ್ರೂರಿಯೇ ಆಗಿರಬೇಕೆಂದಿಲ್ಲ. ಹಬ್ಬಕ್ಕೆ ಒಕ್ಕಲಿಗೆ ಊಟ ಹಾಕಿಸುವವನಿರಬಹುದು, ಕಾಯಿಲೆ ಬಿದ್ದರೆ ಔಷಧಿಗೆ ಹಣ ಕೊಡುವವನಿರಬಹುದು. ಮೃದುವಾದ ಮನಸ್ಸು ಮತ್ತು ದೊಡ್ಡ ಕೊಳಗ ಒಂದೇ ಮನೆಯಲ್ಲಿ ಸುಖವಾಗಿ ಬಾಳಬಲ್ಲವು. ಎದುರಿಗಿರುವವನು ನನ್ನಂತೆಯೇ ಮನುಷ್ಯನೆಂದು ಒಪ್ಪಿದ ಗುರುತು ಕೊಡುವಾಗ ಹಿಡಿದ ಅಳತೆಯನ್ನೇ ಕೊಳ್ಳುವಾಗಲೂ ಹಿಡಿಯುವುದು. ದಯೆ ಒಳ್ಳೆಯದೇ, ಆದರೆ ಅದು ಈ ಗುರುತಲ್ಲ.

1785ರಲ್ಲಿ ಕಾಂಟ್ ಎಂಬ ತತ್ತ್ವಜ್ಞಾನಿ ಇದನ್ನೇ ಶಾಸ್ತ್ರೀಯವಾಗಿ ವಾದಿಸಿದ. ನಿನಗೆ ನೀನು ಮಾಡಿಕೊಳ್ಳುವ ವಿನಾಯಿತಿಯನ್ನು ಎಲ್ಲರಿಗೂ ಕೊಡಲು ಸಿದ್ಧನಿಲ್ಲದಿದ್ದರೆ ಅದು ನೀತಿಯಲ್ಲ ಎಂಬುದು ಅವನ ವಾದದ ತಿರುಳು. ಆದರೆ ಆತನೇ ಬೇರೆ ಬರೆಹಗಳಲ್ಲಿ ಮನುಷ್ಯರನ್ನು ಮೈಬಣ್ಣದ ಮೇಲೆ ಮೇಲು ಕೀಳೆಂದು ವಿಂಗಡಿಸಿದ್ದಾನೆ. ಮಹಾಪಂಡಿತನ ಮನೆಯಲ್ಲೂ ಎರಡು ಕೊಳಗ! ಅವನ ನಿಯಮವನ್ನು ಬಿಸಾಡಬೇಕೆಂದು ನಾವು ಹೇಳುವುದಿಲ್ಲ. ಅದನ್ನು ಅವನ ಮೇಲೆಯೇ ಪ್ರಯೋಗಿಸಿದರೆ ಸಾಕು.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಮೊದಲನೆಯ ವಿಧಿಯ ಕರಡಿನಲ್ಲಿ ಪುರುಷರೆಂದೂ ಮನುಷ್ಯರೆಂದೂ ಅರ್ಥವಾಗುವ ಇಂಗ್ಲಿಷ್ ಪದವೊಂದಿತ್ತು. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಹಟ ಹಿಡಿದು, ಎಲ್ಲ ಮಾನವ ಜೀವಿಗಳೂ ಎಂಬರ್ಥ ಬರುವಂತೆ ತಿದ್ದಿಸಿದರು. ಒಂದು ಪದಕ್ಕೆ ಇಷ್ಟು ರಂಪವೇಕೆ ಎನ್ನುವವರು ನಮ್ಮ ಹೊಲಗಳ ಕಡೆ ನೋಡಲಿ. ಹೆಣ್ಣಾಳಿಗೂ ಗಂಡಾಳಿಗೂ ಸಮಾನ ಕೂಲಿಯೆಂದು 1976ರಲ್ಲೇ ಕಾನೂನಾಯಿತು. ಆದರೂ ಬಗ್ಗಿದ ಬೆನ್ನು ಎತ್ತದೆ ಕಳೆ ಕೀಳುವ ಹೆಂಗಸಿಗೆ ಕಡಿಮೆ ಕೂಲಿ ಕೊಡುವ ಊರುಗಳು ಎಷ್ಟಿಲ್ಲ?

ಕಾಗೋಡಿನಲ್ಲಿ ಸೆರೆಯಾದ ಅದೇ ಲೋಹಿಯಾ 1964ರ ಮೇ ತಿಂಗಳಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿ ಮತ್ತೆ ಸೆರೆಯಾದರು. ಅವರು ಹೋದದ್ದು ಬಿಳಿಯರಿಗೆ ಮಾತ್ರ ಊಟ ಬಡಿಸುವ ಹೋಟೆಲಿಗೆ. ಒಳಗೆ ಬಿಡಲಿಲ್ಲ, ಮತ್ತೆ ಹೋದರು, ಪೊಲೀಸರು ಹಿಡಿದರು. ಹಿಡಿದಿರುವುದು ಭಾರತದ ಲೋಕಸಭಾ ಸದಸ್ಯನನ್ನೆಂದು ತಿಳಿದ ಮೇಲೆ ಅಮೆರಿಕ ಸರ್ಕಾರ ಕ್ಷಮೆ ಕೇಳಿತು. ಆ ಕ್ಷಮೆಯನ್ನೂ ಕೊಳಗಕ್ಕೆ ಹಾಕಿ ನೋಡಿ. ಅದೇ ಬಾಗಿಲಿನಿಂದ ತಲೆತಲಾಂತರ ತಳ್ಳಿಸಿಕೊಂಡ ಆ ಊರಿನ ಕರಿಯರಿಗೆ ಯಾವ ಸರ್ಕಾರ ಕ್ಷಮೆ ಕೇಳಿತ್ತು? ಗಣ್ಯರಿಗೊಂದು ಅಳತೆ, ಉಳಿದವರಿಗೊಂದು. ಅಂಥ ಹೋಟೆಲುಗಳ ಬಾಗಿಲು ಎಲ್ಲರಿಗೂ ತೆರೆಯಬೇಕೆಂಬ ಕಾನೂನು ಅಲ್ಲಿ ಬಂದದ್ದು ಅದೇ ವರ್ಷ ಜುಲೈ 2ರಂದು. ಕರಿಯರು ವರ್ಷಗಟ್ಟಲೆ ಸೆರೆಮನೆ ತುಂಬಿದ ಮೇಲೆ ಬಂದ ಕಾನೂನು ಅದು.

ಹಾಗಾದರೆ ದಯೆ ಧರ್ಮಗಳಿಗೆ ಬೆಲೆಯಿಲ್ಲವೆ ಎಂದು ನೀವು ಕೇಳಬಹುದು. ಇದೇ ಊರಿನ ಸಿದ್ಧಗಂಗೆಯ ಉದಾಹರಣೆ ಎಲ್ಲರ ನಾಲಗೆಯ ಮೇಲಿದೆ. 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಅಗಲಿದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಡಿಸಿದರು. ನಾವು ಮಠಗಳ ಭಕ್ತರಲ್ಲವಾದರೂ ಆ ಪಂಕ್ತಿಗೆ ಕೈಮುಗಿಯುತ್ತೇವೆ. ನಾವು ಕೈಮುಗಿಯುವುದು ಅಲ್ಲಿ ಅನ್ನ ಸಿಕ್ಕಿತೆಂದಲ್ಲ. ಯಾರ ಮಗನೆಂದು ಕೇಳಿ ಬಡಿಸುವ ಸೌಟನ್ನು ಬದಲಾಯಿಸಲಿಲ್ಲವೆಂದು. ಆದರೆ ಒಂದು ಜಿಲ್ಲೆಯ ಮಕ್ಕಳ ಅನ್ನ ಒಬ್ಬ ಸತ್ಪುರುಷರ ಆಯುಷ್ಯವನ್ನು ನೆಚ್ಚಿಕೊಂಡಿರಬೇಕೇ ಎಂಬ ಪ್ರಶ್ನೆ ಅದರಿಂದ ಮುಚ್ಚಿಹೋಗುವುದಿಲ್ಲ.

ಒಂದೇ ಕೊಳಗವೆಂದರೆ ಎಲ್ಲರಿಗೂ ಒಂದೇ ಪಾಲು ಎಂದು ತಿಳಿಯಬೇಡಿ. ಬಾಣಂತಿಗೆ ಹೆಚ್ಚು ತುಪ್ಪ ಬೇಕು, ನಡೆಯಲಾರದವನಿಗೆ ಬಂಡಿ ಬೇಕು. ಅಗತ್ಯ ನೋಡಿ ಅಳೆಯುವುದು ಬೇರೆ, ಆಳು ನೋಡಿ ಕೊಳಗ ಬದಲಿಸುವುದು ಬೇರೆ.

ಈಗ ನಮ್ಮ ಬಾಗಿಲಿಗೇ ಬರೋಣ. ಈ ಸತ್ಯಮಂಗಲದ ಸುತ್ತ, ಅಂತರಸನಹಳ್ಳಿಯಲ್ಲಿ, ಆಚೆ ವಸಂತನರಸಾಪುರದಲ್ಲಿ ಕಾರ್ಖಾನೆಗಳಿವೆ. ಬಿಹಾರ, ಒಡಿಶಾಗಳಿಂದ ಬಂದ ಹುಡುಗರು ಅಲ್ಲಿ ದುಡಿಯುತ್ತಿದ್ದಾರೆ. ನಮ್ಮ ಹುಡುಗರಿಗೆ ಕೆಲಸವಿಲ್ಲವೆಂಬ ಕೂಗೂ ಇದೆ, ಅದು ನ್ಯಾಯವಾದ ಕೂಗು. ಕಾರ್ಖಾನೆಗೆ ನೆಲ ಬಿಟ್ಟುಕೊಟ್ಟವರ ಮಕ್ಕಳಿಗೆ ಅಲ್ಲಿ ಕೆಲಸದ ಹಕ್ಕಿದೆ. 2024ರ ಜುಲೈಯಲ್ಲಿ ರಾಜ್ಯದ ಮಂತ್ರಿಮಂಡಲ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಯನ್ನು ಒಪ್ಪಿತು. ಉದ್ಯಮಪತಿಗಳು ಗದ್ದಲವೆಬ್ಬಿಸುತ್ತಲೇ ತಡೆಹಿಡಿಯಿತು. ಇದರ ಸಿಟ್ಟನ್ನು ಕೆಲವರು ಆ ಒಡಿಶಾದ ಹುಡುಗನ ಮೇಲೆ ತೀರಿಸಿಕೊಳ್ಳುವ ಮಾತಾಡುತ್ತಾರೆ. ಅವನೇನು ಮಾಡಿದ? ಒಂದೇ ಯಂತ್ರದ ಮುಂದೆ ಖಾಯಂ ಕೆಲಸಗಾರನಿಗೊಂದು ಸಂಬಳ, ಗುತ್ತಿಗೆಯವನಿಗೊಂದು ಸಂಬಳ. ಕೊಳಗ ಎರಡಿರುವುದು ಮಾಲೀಕನ ಕೈಯಲ್ಲಿ. ಸರ್ಕಾರಿ ಸೇವೆಯ ತಾತ್ಕಾಲಿಕ ನೌಕರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2016ರಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಅದನ್ನೇ ಇಲ್ಲಿನ ಕಾರ್ಖಾನೆಗಳ ಗೇಟಿಗೆ ತರಬೇಕು. ದೂರದಿಂದ ಬಂದವನಿಗೂ ಪೂರ್ತಿ ಸಂಬಳ ಕೊಡಲೇಬೇಕಾದರೆ, ಅವನು ಅಗ್ಗವೆಂದು ಊರವನನ್ನು ಹೊರಗಿಡುವ ಲಾಭ ಮಾಲೀಕನಿಗೆ ಉಳಿಯುವುದಿಲ್ಲ. ಊರವನ ಹಿತವೂ ಪರಊರವನ ಹಕ್ಕೂ ಇಲ್ಲಿ ಒಂದೇ ಬೇಡಿಕೆಯಾಗುತ್ತವೆ. ಕರಪತ್ರವನ್ನು ಕನ್ನಡದೊಡನೆ ಹಿಂದಿಯಲ್ಲೂ ಒಡಿಯಾದಲ್ಲೂ ಅಚ್ಚುಹಾಕಿಸಬೇಕೆಂಬ ಸೂಚನೆಯನ್ನು ಸಭೆಯ ಮುಂದೆ ಇಡುತ್ತಿದ್ದೇವೆ. ಖರ್ಚು ಹೆಚ್ಚಾಗುತ್ತದೆ, ಆಗಲಿ.

ಇನ್ನು ಬಾಡಿಗೆ ಮನೆಯ ಪ್ರಶ್ನೆ. ಈ ಸಭೆಯಲ್ಲಿ ಮನೆ ಬಾಡಿಗೆಗೆ ಕೊಡುವವರೂ ಇದ್ದಾರೆ, ಮನೆ ಸಿಗದೆ ಬೀದಿ ಅಲೆದವರೂ ಇದ್ದಾರೆ. ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಬೇಕೆಂದು ಅಧ್ಯಕ್ಷರಲ್ಲಿ ಕೋರುತ್ತೇವೆ.