ಮಂಜೇಶ್ವರದ ಮತ, ಕಾಶಿಯ ಕನ್ನಡಿಗ

(ದಶಾಶ್ವಮೇಧ ಘಾಟಿನಲ್ಲಿ ಕೂಡಿದ್ದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಬ್ರಹ್ಮನು ಹತ್ತು ಅಶ್ವಮೇಧಗಳನ್ನು ಮಾಡಿದನೆಂದು ಪ್ರತೀತಿಯುಳ್ಳ ಘಾಟು ಇದು. ತನ್ನನ್ನು ಯಾರು ಒಪ್ಪುವರು, ಯಾರು ಒಪ್ಪರು ಎಂದು ತಿಳಿಯಲು ಹಿಂದಿನ ಅರಸು ಕುದುರೆಯನ್ನು ಬಿಡುತ್ತಿದ್ದನು. ಇಂದು ಆ ಕುದುರೆಯನ್ನು ಕಟ್ಟುವ ಅಧಿಕಾರ ಪ್ರತಿಯೊಬ್ಬ ಮತದಾರನಿಗೂ ಉಂಟು. ಆದರೆ ಹೊರನಾಡಿನಲ್ಲಿ ನಾವು ಬೆರಳೆಣಿಕೆಯ ಜನ. ನಮ್ಮ ಮತದಿಂದ ಏನಾದೀತು ಎನ್ನುವವರು ಕೆಲವರು. ಕನ್ನಡಿಗರೆಲ್ಲರೂ ಒಬ್ಬನಿಗೇ ಮತ ಕೊಟ್ಟರೆ ಬಲ ಬಂದೀತೆನ್ನುವವರು ಮತ್ತೆ ಕೆಲವರು. ಇವೆರಡಕ್ಕೂ ಉತ್ತರವನ್ನು ನಾವು ಗಡಿನಾಡಿನ ಹಳ್ಳಿಗಳಿಂದ ತಂದಿದ್ದೇವೆ.

1956ರ ನವೆಂಬರ್ 1ರಂದು, ನಾವು ಹಬ್ಬವಾಗಿ ಆಚರಿಸುವ ಈ ದಿನವೇ, ಕಾಸರಗೋಡು ಕೇರಳಕ್ಕೆ ಸೇರಿಹೋಯಿತು. ಅದರ ಉತ್ತರದ ತುದಿಯಲ್ಲಿರುವುದು ಮಂಜೇಶ್ವರ, ಗೋವಿಂದ ಪೈಗಳ ಊರು. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ ಮೊದಲಾದ ಹಳ್ಳಿಗಳು ಈ ಚುನಾವಣಾ ಕ್ಷೇತ್ರದಲ್ಲಿವೆ. ಅಡಕೆ ತೋಟದ ಒಡೆಯನೂ ಗೇಣಿಯ ಒಕ್ಕಲೂ ಕಡಲಿಗೆ ಹೋಗುವ ಮೊಗವೀರನೂ ಇಲ್ಲಿನ ಮತದಾರರೇ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ಶಾಲೆ-ಸಭೆಗಳಲ್ಲಿ ಕನ್ನಡ.

1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಚುನಾವಣೆ ಬಂದಾಗ ಇಲ್ಲಿಂದ ಎಂ. ಉಮೇಶ ರಾಯರು ಸ್ವತಂತ್ರರಾಗಿ ಅವಿರೋಧವಾಗಿ ಆಯ್ಕೆಯಾದರು. 1960, 1965, 1967ರಲ್ಲಿ ಕೆ. ಮಹಾಬಲ ಭಂಡಾರಿಯವರು ಸ್ವತಂತ್ರರಾಗಿಯೇ ಗೆದ್ದರು. ಊರಿನ ಮುಂದೆ ಆಗ ಇದ್ದುದು ಒಂದೇ ಪ್ರಶ್ನೆ: ನಾವು ಯಾವ ರಾಜ್ಯದವರು? ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವೂ ಹೇಳಿತು. ಆದರೆ ಅದು ಜಾರಿಗೆ ಬರಲಿಲ್ಲ.

ಒಂದೇ ಪ್ರಶ್ನೆಯನ್ನು ನಂಬಿ ಜನ ಎಷ್ಟು ಕಾಲ ಕಾದಾರು? 1970ರ ಜನವರಿ 1ರಂದು ಕೇರಳದ ಭೂಸುಧಾರಣಾ ಕಾನೂನು ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು. ಅದೇ ವರ್ಷ ಮಂಜೇಶ್ವರದಿಂದ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರು ಆರಿಸಿಬಂದರು, ಅವರ ತರುವಾಯ ಅದೇ ಪಕ್ಷದ ಎ. ಸುಬ್ಬರಾಯರು. 1987ರಿಂದ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲರು. 2006ರಲ್ಲಿ ಮಾರ್ಕ್ಸ್‌ವಾದಿ ಪಕ್ಷ. 2011ರಲ್ಲಿ ಪುನಃ ಲೀಗು. ಭಾರತೀಯ ಜನತಾ ಪಕ್ಷ 2016ರಲ್ಲಿ 89 ಮತಗಳಿಂದ, 2021ರಲ್ಲಿ 745 ಮತಗಳಿಂದ ಸೋತಿತು. ಒಂದು ಮತದ ಬೆಲೆಯನ್ನು ಕೇಳುವವರಿಗೆ ಈ 89 ಎಂಬ ಅಂಕಿಯೇ ಸಾಕು!

ಹಾಗಾದರೆ ಕನ್ನಡ ಸೋತಿತೇ? ಒಂದಾಗಿದ್ದ ಮತಗಳು ಹೊಲ, ಮತಧರ್ಮ, ಪಕ್ಷಗಳ ಜಾಡಿನಲ್ಲಿ ಹಂಚಿಹೋದುದೇನೋ ನಿಜ. ರಾಜ್ಯದ ಗಡಿಯನ್ನು ಆ ಮತಗಳು ಕದಲಿಸಲಿಲ್ಲವೆಂಬುದೂ ನಿಜ. ಆದರೆ 2021ರಲ್ಲಿ ಲೀಗಿನಿಂದ ಗೆದ್ದ ಎ.ಕೆ.ಎಂ. ಅಶ್ರಫರು ತಿರುವನಂತಪುರದ ವಿಧಾನಸಭೆಯಲ್ಲಿ ಪ್ರಮಾಣವಚನವನ್ನು ಸ್ವೀಕರಿಸಿದ್ದು ಕನ್ನಡದಲ್ಲಿ. ಕನ್ನಡವು ಒಂದೇ ಪಕ್ಷದ ಸೊತ್ತಾಗಿ ಉಳಿದಿದ್ದರೆ, ಆ ಪಕ್ಷ ಸೋತ ದಿನವೇ ಅದರ ದನಿ ಸಭೆಯಲ್ಲಿ ಅಡಗುತ್ತಿತ್ತು. ಎಲ್ಲ ಪಕ್ಷದವರಿಗೂ ಬೇಕಾದ ಭಾಷೆಗೆ ಆ ಭಯವಿಲ್ಲ.

ಈ ಕಾಶಿಯಲ್ಲಿಯೂ ಇದಕ್ಕೆ ಸಮೀಪದ ನಿದರ್ಶನವುಂಟು. ಈ ಘಾಟು ಸೇರಿರುವ ವಾರಾಣಸಿ ದಕ್ಷಿಣ ಕ್ಷೇತ್ರದಿಂದ ಬಂಗಾಳಿಯಾದ ಶ್ಯಾಮದೇವ ರಾಯ್ ಚೌಧುರಿಯವರು 1989ರಿಂದ 2012ರವರೆಗಿನ ಚುನಾವಣೆಗಳಲ್ಲಿ ಏಳು ಸಲ ಗೆದ್ದರು. ಬಂಗಾಳಿಗಳ ಮತಗಳಿಂದಷ್ಟೇ ಅಷ್ಟು ಗೆಲುವು ಸಾಧ್ಯವೇ? ಮನೆಯ ಮಾತನ್ನು ಬಿಡದೆಯೂ ಊರಿನವನಾಗಬಹುದು.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಕಾನೂನಿನ ಪ್ರಕಾರ ಒಬ್ಬನ ಹೆಸರು ಒಂದೇ ಕಡೆಯ ಮತದಾರರ ಪಟ್ಟಿಯಲ್ಲಿರಬೇಕು, ಅದೂ ಅವನು ಸಾಮಾನ್ಯವಾಗಿ ವಾಸಿಸುವ ಊರಿನಲ್ಲಿ. ಊರ ಪಟ್ಟಿಯ ಮೇಲಿನ ಮಮತೆಯಿಂದ ಹಲವರು ಅಲ್ಲಿಗೂ ಹೋಗದೆ, ಇಲ್ಲಿಯೂ ಹೆಸರು ಬರೆಯಿಸದೆ ಇದ್ದಾರೆ. ಇಲ್ಲಿಯೇ ನೆಲೆಸಿರುವವರು ಇಲ್ಲಿಯೇ ಹೆಸರು ಬರೆಯಿಸಬೇಕು. ಯಾರಿಗೆ ಮತವೆಂದು ಸಂಘ ಹೇಳಕೂಡದು. ಅದು ಅವರವರ ಅಂತಃಸಾಕ್ಷಿಗೆ ಬಿಟ್ಟದ್ದು. ಆದರೆ ಬಾಗಿಲಿಗೆ ಬಂದ ಪ್ರತಿಯೊಬ್ಬ ಅಭ್ಯರ್ಥಿಯೂ, ಈ ಬೀದಿಯಲ್ಲಿ ಕನ್ನಡಿಗರಿದ್ದಾರೆ, ಅವರೂ ಕಾಶಿಯವರು ಎಂದು ತಿಳಿದುಕೊಂಡು ಹಿಂದಿರುಗಲಿ.